ಹೆಂಡತಿಗೂ ಗೊತ್ತಾಗದ ವಿಗ್ಗು

ಒಂದೇ ವಾರದಲ್ಲಿ ನಮ್ಮ ಇಡೀ ವಂಶ ಬೋಳಾಯಿತು. ಸೋದರಮಾವ, ಅವರ ಹೆಂಡತಿ, ಅಕ್ಕ, ಅಕ್ಕನ ಮೈದುನ, ಕೊನೆಗೆ ಮನೆ ಮಾಲೀಕರೂ. ತಲೆಯ ಮೇಲಲ್ಲ, ಇಂಟರ್ನೆಟ್ಟಿನಲ್ಲಿ. ತಲೆಗಳೇನೋ ಎಂದಿನ ಹಾಗೆ ಎಣ್ಣೆ ಹಚ್ಚಿಸಿಕೊಂಡು, ಬಾಚಿಸಿಕೊಂಡು ಓಡಾಡುತ್ತಿದ್ದವು. ಆದರೆ ಯಾರಾದರೂ ಫೋನಿನಲ್ಲಿ ವಿಗ್ ಅಂಗಡಿ ಎಂದು ಹುಡುಕಿದರೆ ನಮ್ಮ ಅಂಗಡಿ ಎಲ್ಲಕ್ಕಿಂತ ಮೇಲೆ ಬರುತ್ತಿತ್ತು. ಅದರ ಕೆಳಗೆ ಇವರೆಲ್ಲ ಹೆಸರು, ಫೋಟೋ ಸಮೇತ ಸಾಲಾಗಿ ನಿಂತು, ತಮ್ಮ ತಲೆಯಲ್ಲಿ ಒಂದೆಳೆಯೂ ಇಲ್ಲವೆಂದು ಒಪ್ಪಿಕೊಂಡು, ನಕ್ಷತ್ರ ಹಂಚಿದ್ದರು.

ಇದು ಭಾವನ ಕೈಚಳಕ.

ಅಂಗಡಿ ಅಮ್ಮನದು. ಅಮ್ಮ ತಲೆಯ ಅಳತೆ ತೆಗೆದು ಜಾಲರಿ ಟೋಪಿ ಹೊಲಿಯುತ್ತಾಳೆ. ನಾನು ಪಕ್ಕದಲ್ಲಿ ಕೂತು ಆ ಜಾಲರಿಗೆ ಕೊಕ್ಕೆ ಸೂಜಿಯಿಂದ ಒಂದೊಂದೇ ಕೂದಲು ಗಂಟು ಹಾಕುತ್ತೇನೆ. ಬೀದಿಯ ಕಡೆ ನಮಗೆ ಬೋರ್ಡಿಲ್ಲ, ಕಿಟಕಿಗೆ ಮಂಜುಗಾಜು. ಒಳಗೆ ಬರುವ ಬಾಗಿಲು ಪಕ್ಕದ ಓಣಿಯಲ್ಲಿ, ಝೆರಾಕ್ಸ್ ಅಂಗಡಿಯ ಬಾಗಿಲಿಗೆ ಅಂಟಿಕೊಂಡಿದೆ. ನೋಡಿದವರು, ಪಾಪ, ಏನೋ ಝೆರಾಕ್ಸ್ ಮಾಡಿಸಬೇಕಿರಬೇಕು ಅಂದುಕೊಳ್ಳಬೇಕು. ವಿಗ್ ಅಂಗಡಿಗೆ ಬೋರ್ಡ್ ಹಾಕುವುದು ಅಂದರೆ ಗಿರಾಕಿಯ ಬೆನ್ನಿಗೆ ಬೋರ್ಡ್ ಹಾಕಿದ ಹಾಗೆ ಅನ್ನುವುದು ಅಮ್ಮನ ವಾದ. ಆಸ್ಪತ್ರೆಯ ನರ್ಸುಗಳು, ನಾಟಕದ ಮೇಕಪ್ಪಿನವರು, ಕ್ಷೌರದಂಗಡಿಯವರು ಕಿವಿಯಲ್ಲಿ ಹೇಳಿ ಕಳಿಸುತ್ತಿದ್ದರು. ಅಷ್ಟರಲ್ಲಿ ನಮ್ಮ ಸಂಸಾರ ನಡೆಯುತ್ತಿತ್ತು.

ಈಗ ಯಾರೂ ಯಾರ ಕಿವಿಯಲ್ಲೂ ಏನೂ ಹೇಳುವುದಿಲ್ಲ. ಫೋನನ್ನು ಕೇಳುತ್ತಾರೆ. ಫೋನು ಮಾಲಿನಲ್ಲಿರುವ ದೊಡ್ಡ ವಿಗ್ ಮಳಿಗೆಗೆ ದಾರಿ ತೋರಿಸುತ್ತದೆ. ಆ ಮಳಿಗೆಯ ಮ್ಯಾನೇಜರ್ ಒಂದು ದಿನ ಖುದ್ದಾಗಿ ಬಂದು, ವಿಗ್ ಕೂರಿಸಿಡುವ ನಮ್ಮ ಮರದ ತಲೆಗಳನ್ನೆಲ್ಲ ಸತ್ತವರ ಮನೆಗೆ ಬಂದವನ ಹಾಗೆ ನೋಡಿ, ಅಮ್ಮನಿಗೆ ಒಂದು ಕುರ್ಚಿ ಕೊಡುವುದಾಗಿ ಹೇಳಿದ. ಅಂಗಡಿ ಮುಚ್ಚಿ ಬನ್ನಿ, ಕಾರ್ಖಾನೆಯಿಂದ ಬಂದ ವಿಗ್ಗುಗಳನ್ನು ಗಿರಾಕಿಗಳ ತಲೆಗೆ ಕೂರಿಸಿ, ಯೂನಿಫಾರಂ ನಾವೇ ಕೊಡ್ತೀವಿ. ಬೇಸಿಗೆ ಮುಗಿಯುವುದರೊಳಗೆ ಉತ್ತರ ಹೇಳಬೇಕಿತ್ತು. ಹೊಲಿಯುವ ಕೈಗೆ ಬರೀ ಕೂರಿಸುವ ಕೆಲಸ ಅಂದರೆ ಅಮ್ಮನಿಗೆ ಮೈ ಉರಿ. ನನಗಂತೂ ಅಲ್ಲಿ ಕುರ್ಚಿಯೇ ಇರಲಿಲ್ಲ.

ಆಗ ಭಾವ ರಂಗಕ್ಕಿಳಿದರು. ಅಂಗಡಿಗಳನ್ನು ಫೋನಿನ ಹುಡುಕಾಟದಲ್ಲಿ ಮೇಲಕ್ಕೆ ತರುವುದೇ ಅವರ ಕಸುಬು. ಹಾಸಿಗೆ ಅಂಗಡಿ, ಡ್ರೈವಿಂಗ್ ಸ್ಕೂಲು, ಮೂಲವ್ಯಾಧಿಯ ಡಾಕ್ಟರು, ಎಲ್ಲರನ್ನೂ ಎತ್ತಿದ್ದಾರೆ.

“ಅತ್ತೆ, ಎರಡನೇ ಪುಟದಲ್ಲಿರೋದೂ ಮಣ್ಣಲ್ಲಿರೋದೂ ಒಂದೇ,” ಅಂದರು. “ಜನಕ್ಕಿಂತ ಮೊದಲು ನಿಮ್ಮನ್ನ ನೋಡೋದು ಹುಡುಕೋ ಯಂತ್ರ. ಅದಕ್ಕೆ ಕಣ್ಣಿಲ್ಲ, ನಾಚಿಕೆ ಇಲ್ಲ. ಬರೀ ಹಸಿವು.”

“ನಿಮ್ಮ ಕಡೆಯವರು ಅನ್ನಿ,” ಅಂದಳು ಅಮ್ಮ, ಸೂಜಿಯಿಂದ ಕಣ್ಣು ತೆಗೆಯದೆ.

ಭಾವ ಬೇಜಾರು ಮಾಡಿಕೊಳ್ಳುವ ಜಾತಿಯಲ್ಲ. ಅವತ್ತೇ ನಮಗೊಂದು ವೆಬ್‌ಸೈಟ್ ಮಾಡಿದರು. ಪುಟದ ಬುಡದಲ್ಲಿ, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ, ಮನುಷ್ಯರಿಗೆ ಕಾಣದೆ ಯಂತ್ರಕ್ಕೆ ಮಾತ್ರ ಕಾಣುವ ಹಾಗೆ, ಬೋಳುತಲೆ ಬೊಕ್ಕತಲೆ ಅಗ್ಗದ ವಿಗ್ ಒಳ್ಳೆಯ ವಿಗ್ ಬೋಳುತಲೆಗೆ ಒಳ್ಳೆಯ ವಿಗ್ ಎಂದು ಸಹಸ್ರನಾಮ ಬರೆದರು. ಊರಿನ ಪ್ರತಿ ರಸ್ತೆಗೂ ಒಂದೊಂದು ಪುಟ ಮಾಡಿ, ರಸ್ತೆಯ ಹೆಸರು ಮಾತ್ರ ಬದಲಿಸಿದರು. ಸ್ಮಶಾನ ರಸ್ತೆಯ ನಿವಾಸಿಗಳಿಗೆ ಅತ್ಯುತ್ತಮ ವಿಗ್ ಎನ್ನುವ ಪುಟವೂ ಅದರಲ್ಲಿತ್ತು.

“ಭಾವ, ಗಿರಾಕಿಗಳು ಕುರ್ಚಿ ಮೇಲೆ ಕೂತು ಕೇಳೋದನ್ನೇ ಪ್ರಶ್ನೆ-ಉತ್ತರದ ತರ ಬರೆದರೆ ಆಗಲ್ವಾ?” ಅಂತ ನಾನು ಕೇಳಿದೆ.

“ಆಗುತ್ತೆ ಪುಟ್ಟಿ. ನಿಜ ಬರೆದುಕೊಂಡು ಮೇಲೆ ಬರೋ ಹೊತ್ತಿಗೆ ನಿನಗೇ ವಿಗ್ ಬೇಕಾಗುತ್ತೆ.”

ಇಷ್ಟಾದರೂ ಒಂದು ಕೊರತೆ ಉಳಿಯಿತು. ಹುಡುಕಾಟದಲ್ಲಿ ಮೇಲೆ ಬರಬೇಕಾದರೆ ಗಿರಾಕಿಗಳ ಅಭಿಪ್ರಾಯ ಬೇಕು. ನಮಗೆ ಒಂದೂ ಇರಲಿಲ್ಲ. ಎಲ್ಲಿಂದ ಬರಬೇಕು? ಓಣಿಯ ಬಾಗಿಲಿನಿಂದ ತಲೆ ತಗ್ಗಿಸಿಕೊಂಡು ಬಂದು, ತಲೆ ಎತ್ತಿಕೊಂಡು ಹೋಗುವವರು ನಮ್ಮ ಗಿರಾಕಿಗಳು. ಆಮೇಲೆ ಬೀದಿಯಲ್ಲಿ ಎದುರಾದರೆ ನಮ್ಮ ಗುರುತೂ ಅವರಿಗೆ ಇರುವುದಿಲ್ಲ. ಅಂಥವರು ಹೆಸರು ಹಾಕಿ, ನನ್ನ ವಿಗ್ಗು ಬಹಳ ಚೆನ್ನಾಗಿದೆ ಎಂದು ಲೋಕಕ್ಕೆಲ್ಲ ಸಾರುತ್ತಾರೆಯೇ?

ಭಾವ ತಾವೇ ಬರೆದರು. ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದರು: “ಅದ್ಭುತ ವಿಗ್! ಅತ್ಯದ್ಭುತ ಸೇವೆ! ಜೀವನವೇ ಬದಲಾಯಿತು!”

ಅಮ್ಮ ಕನ್ನಡಕ ಮೇಲೆ ಸರಿಸಿದಳು. ಆ ಗಳಿಗೆಯಲ್ಲಿ ಅವಳು ಛೀ ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕೆಟ್ಟ ಕೆಲಸಗಾರಿಕೆ ಕಂಡರೆ ಅವಳಿಗೆ ತಡೆಯುವುದಿಲ್ಲ.

“ಇದು ಬೀದಿ ಆಚೆಯಿಂದಲೇ ವಿಗ್ ಅಂತ ಗೊತ್ತಾಗುತ್ತೆ ಅಳಿಯಂದ್ರೇ,” ಅಂದಳು. “ಹಣೆ ಹತ್ರ ಇಷ್ಟು ದಟ್ಟ ಯಾರಿಗಿರುತ್ತೆ? ನಿಜವಾದ ತಲೆ ಅಂದ್ರೆ ಒಂದು ಕಡೆ ತೆಳು ಇರಬೇಕು, ಎರಡು ನರೆ ಇರಬೇಕು, ಬೈತಲೆ ಸ್ವಲ್ಪ ಸೊಟ್ಟ ಇರಬೇಕು.”

“ನರೆ ಹಾಕೋಣ ಅಂತೀರಾ?”

“ಹಾಕಿ ಮತ್ತೆ. ಸೆಖೆಗೆ ಎಡಗಿವಿ ಹಿಂದೆ ಕೆರೆಯುತ್ತೆ ಅಂತ ಒಬ್ಬನ ಕೈಲಿ ಬರೆಸಿ. ಮೊದಲ ವಾರ ಯಾರೋ ನನ್ನ ತಲೆ ಮೇಲೆ ಕೈ ಇಟ್ಟ ಹಾಗಿತ್ತು, ಆಮೇಲೆ ಅಭ್ಯಾಸ ಆಯ್ತು ಅಂತ. ನಕ್ಷತ್ರ ಒಂದು ಕಡಿಮೆ ಕೊಡಲಿ. ಕೊನೆಗೆ, ಆದರೂ ಇದು ವಿಗ್ ಅಂತ ನನ್ನ ಹೆಂಡತಿಗೂ ಗೊತ್ತಿಲ್ಲ ಅನ್ನಲಿ. ಅಷ್ಟೇ. ಅದ್ಭುತಗಿದ್ಭುತ ಬೇಡ.”

ಭಾವ ಅತ್ತೆಯನ್ನು ಮೊದಲ ಸಲ ಭಕ್ತಿಯಿಂದ ನೋಡಿದರು. ಯಾರ ಹೆಸರಿನಲ್ಲಿ ಬರೆಯುತ್ತೀರಿ ಎಂದು ಅಮ್ಮ ಕೇಳಲಿಲ್ಲ, ನಾನೂ ಕೇಳಲಿಲ್ಲ. ಯಾವುದೋ ಸುಳ್ಳು ಹೆಸರುಗಳು ಎಂದುಕೊಂಡೆವು. ಆದರೆ ಹೊಸ ಹೆಸರು ಹಾಕಿದರೆ ಯಂತ್ರಕ್ಕೆ ಅನುಮಾನ ಬರುತ್ತದಂತೆ. ನಮ್ಮ ಮನೆಯಲ್ಲಿ ಯಾರ ಫೋನು ಕೆಟ್ಟರೂ ಸರಿಮಾಡುವವರು ಭಾವನೇ, ಎಲ್ಲರ ಪಾಸ್‌ವರ್ಡೂ ಅವರ ಬಾಯಲ್ಲೇ ಇತ್ತು.

ಅಂಗಡಿ ಜಿಗಿದು ಮೇಲಕ್ಕೆ ಬಂತು. ಫೋನು ಬಡಿದುಕೊಳ್ಳಲು ಶುರುವಾಯಿತು. ಝೆರಾಕ್ಸ್ ಅಂಗಡಿಯವನು, ನಿಮ್ಮ ಕಡೆಯವರು ನನ್ನ ಬಾಗಿಲಲ್ಲಿ ಕ್ಯೂ ನಿಲ್ತಾ ಇದ್ದಾರೆ, ಒಬ್ಬರಾದರೂ ಒಂದು ಹಾಳೆ ಝೆರಾಕ್ಸ್ ಮಾಡಿಸಬಾರದಾ ಎಂದು ಗೊಣಗಿದ. ಅಮ್ಮ ಮಾಲಿನ ಕುರ್ಚಿಯ ಮಾತೇ ಎತ್ತಲಿಲ್ಲ.

ಹಾಗೆ ಬಂದವರಲ್ಲಿ ಕೋರ್ಟಿನ ಟೈಪಿಸ್ಟ್ ಒಬ್ಬರು. ಕಾಯಿಲೆಯ ಔಷಧಿಗೆ ಕೂದಲು ಪೂರ್ತಿ ಹೋಗಿತ್ತು. ಸ್ಕಾರ್ಫ್ ಬಿಗಿಯಾಗಿ ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು.

“ಸಾಕ್ಷಿಗಳು ಹೇಳೋದನ್ನ ಟೈಪ್ ಮಾಡಿ ಮಾಡಿ ನಂಗೆ ಒಂದು ರೋಗ ಅಂಟಿದೆ,” ಅಂದರು. “ಯಾರ ಮಾತೂ ನಂಬಲ್ಲ. ನಿಮ್ಮಲ್ಲಿ ಒಬ್ಬರು ಬರೆದಿದ್ದಾರಲ್ಲ, ಎಡಗಿವಿ ಹಿಂದೆ ಕೆರೆಯುತ್ತೆ, ಹೆಂಡತಿಗೂ ಗೊತ್ತಿಲ್ಲ ಅಂತ. ಅದೊಂದು ನಂಬಿದೆ. ಸುಳ್ಳು ಹೇಳೋರು ಕೆರೆತದ ಸುದ್ದಿ ಎತ್ತಲ್ಲ.”

ಅಮ್ಮನ ಕೈಯಲ್ಲಿದ್ದ ಅಳತೆ ಟೇಪು ಒಂದು ಕ್ಷಣ ಅವರ ಹಣೆಯ ಮೇಲೆ ನಿಂತುಬಿಟ್ಟಿತು.

“ಆಫೀಸಲ್ಲಿ ಯಾರಿಗೂ ಗೊತ್ತಾಗಬಾರದು. ಅವರ ಹೆಂಡತಿಗೇ ಗೊತ್ತಾಗಿಲ್ಲ ಅಂದ್ರೆ ನಮ್ಮ ಹೆಡ್‌ಕ್ಲರ್ಕ್ ಯಾವ ಲೆಕ್ಕ?”

ಅಷ್ಟರಲ್ಲಿ ಓಣಿಯ ಬಾಗಿಲು ಧಡಾರನೆ ತೆರೆಯಿತು. ಭಾವನ ತಮ್ಮ ಒಳಗೆ ನುಗ್ಗಿದರು. ಇವರು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಹೆಗಲ ಮೇಲೆ ಬೀಳುವಷ್ಟು ಕೂದಲು, ಮಕ್ಕಳು ಇಟ್ಟ ಹೆಸರು ಸಿಂಹ. ಉದ್ದ ಕೂದಲು ಬಿಡಬಾರದೆಂಬ ಶಾಲೆಯ ನಿಯಮ ಹುಡುಗರಿಗೆ ಮಾತ್ರ ಎಂದು ಅವರು ಮುಖ್ಯೋಪಾಧ್ಯಾಯಿನಿಯ ಜೊತೆ ಯುದ್ಧ ಮಾಡಿ ಗೆದ್ದಿದ್ದರು.

“ಅತ್ತೆ, ಎಲ್ಲಿ ನಮ್ಮಣ್ಣ? ಅವನ ತಲೆ ಒಡೀಬೇಕು!”

“ಏನಾಯ್ತಪ್ಪಾ?”

“ಏನಾಯ್ತಾ? ಮಕ್ಕಳು ಫೋನಲ್ಲಿ ನನ್ನ ಹೆಸರು ಹುಡುಕಿದಾರೆ. ನಾನು ವಿಗ್ ಹಾಕ್ತೀನಂತೆ, ನನಗೆ ಕೆರೆಯುತ್ತಂತೆ! ಇವತ್ತು ಫುಟ್‌ಬಾಲ್ ಆಡಿಸ್ತಾ ಇದ್ದೆ, ಹಿಂದಿನಿಂದ ಒಬ್ಬ ಹಾರಿ ನೇತುಬಿದ್ದ. ನನ್ನ ಜುಟ್ಟಿಗೆ! ಮನೆಗೆ ಹೋದ್ರೆ ಹೆಂಡತಿ ಬಾಗಿಲು ತೆಗೀತಿಲ್ಲ. ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟಿದ್ದೀರಲ್ಲಾ ಅಂತ ಒಳಗಿಂದ ಅಳ್ತಿದ್ದಾಳೆ. ಏನು ಮುಚ್ಚಿಟ್ಟೆ ನಾನು? ಎಳೀರಿ! ಯಾರಾದ್ರೂ ಎಳೀರಿ ಇದನ್ನ!”

ಹತ್ತಿರವಿದ್ದವರು ಟೈಪಿಸ್ಟ್. ಕೈ ಚಾಚಿ ಎಳೆದರು. ಕೋರ್ಟಿನ ಕೈ, ಹಿಡಿದರೆ ಬಿಡುವುದಿಲ್ಲ. ಮೇಷ್ಟ್ರು ಅಯ್ಯಯ್ಯೋ ಎಂದರು. ಕೂದಲು ಜಪ್ಪಯ್ಯ ಅನ್ನಲಿಲ್ಲ.

ಟೈಪಿಸ್ಟ್ ಕಣ್ಣರಳಿಸಿ ಅಮ್ಮನ ಕಡೆ ತಿರುಗಿದರು. “ಅಬ್ಬಾ! ಏನು ಕೂರಿಸಿದ್ದೀರಿ! ನನಗೂ ಇದೇ ಅಂಟು ಹಾಕಿ.”

ನಾನು ಅಮ್ಮನ ಮುಖ ನೋಡಿದೆ. ಸುಮ್ಮನಿದ್ದರೆ ಸಾಕಿತ್ತು. ಇಡೀ ಊರಿನಲ್ಲಿ ಇದಕ್ಕಿಂತ ದೊಡ್ಡ ಜಾಹೀರಾತು ಸಿಗುತ್ತಿರಲಿಲ್ಲ. ಮೇಷ್ಟ್ರಿಗೂ ಆ ಹೊತ್ತಿಗೆ ಮಾತಾಡುವಷ್ಟು ಉಸಿರಿರಲಿಲ್ಲ.

“ಅದು ಅವನದೇ ಕೂದಲಮ್ಮ,” ಅಂದಳು ಅಮ್ಮ. “ಹುಟ್ಟಿದಾಗಿಂದ ಇದೆ.”

“ಮತ್ತೆ ಬರೆದಿದ್ದು?”

“ನಾನು ಹೇಳಿ ಬರೆಸಿದ್ದು.”

“ಆ ಕೆರೆತ?”

“ಕೆರೆತ ನಿಜ. ಬೇರೆಯವರದ್ದು.”

ಟೈಪಿಸ್ಟ್ ಮೇಷ್ಟ್ರ ಜುಟ್ಟು ಬಿಟ್ಟರು. ಸ್ಕಾರ್ಫನ್ನು ಇನ್ನೊಂದು ಸುತ್ತು ಬಿಗಿದರು. “ಒಂದನ್ನ ನಂಬಿದ್ದೆ,” ಎಂದಷ್ಟೇ ಹೇಳಿ, ಬಂದ ಬಾಗಿಲಲ್ಲಿ ಹೊರಟುಹೋದರು. ಹೋಗುವಾಗ ತಲೆ ತಗ್ಗಿಸಿಕೊಂಡೇ ಹೋದರು. ನಮ್ಮ ಅಂಗಡಿಯಿಂದ ಯಾರೂ ಹಾಗೆ ಹೋದದ್ದಿಲ್ಲ.

ಸಂಜೆ ಭಾವ ಬಂದಾಗ ಅಮ್ಮ ದೀಪ ಹಾಕದೆ ಕೂತಿದ್ದಳು.

“ಎಲ್ಲಾ ತೆಗೀರಿ.”

“ಅತ್ತೆ, ತಮ್ಮನದು ತೆಗೀತೀನಿ. ಉಳಿದದ್ದು...”

“ಎಲ್ಲಾ. ಆ ಬಿಳಿ ಅಕ್ಷರ, ಸ್ಮಶಾನದ ಪುಟ, ಎಲ್ಲಾ.”

“ನೇರವಾಗಿ ನಾಲ್ಕನೇ ಪುಟಕ್ಕೆ ಬೀಳ್ತೀವಿ. ಮಾಲ್‌ನೋನು ಯೂನಿಫಾರಂ ಹೊಲಿಸಿಟ್ಟಿದ್ದಾನೆ. ನೀವು ಮಾಡೋದು ವಿಗ್ಗು ಅತ್ತೆ. ಅದೇನು ಸತ್ಯವಾ?”

ಅಮ್ಮನಿಗೂ ಅದೇ ಪ್ರಶ್ನೆ ಮಧ್ಯಾಹ್ನದಿಂದ ಕೊರೆಯುತ್ತಿತ್ತು ಅಂತ ಕಾಣುತ್ತದೆ.

“ವಿಗ್ ಹಾಕಿಕೊಂಡೋನಿಗೆ ಅದು ವಿಗ್ ಅಂತ ಗೊತ್ತಿರುತ್ತೆ,” ಅಂದಳು. “ನಾನು ಬೀದಿಗೆ ಸುಳ್ಳು ಹೇಳ್ತೀನಿ, ಗಿರಾಕಿ ಪರವಾಗಿ. ಈ ಸಲ ಗಿರಾಕಿಗೇ ಹೇಳಿಬಿಟ್ಟೆ. ತೆಗೀರಿ.”

ಭಾವ ತೆಗೆದರು. ಹಲ್ಲು ಕೀಳುವವರ ಹಾಗೆ ಒಂದೊಂದಕ್ಕೂ ಮುಖ ಕಿವುಚಿದರು. ನಾಲ್ಕನೇ ಪುಟಕ್ಕೇ ಬಿದ್ದೆವು. ಫೋನು ಸುಮ್ಮನಾಯಿತು.

ಆದರೆ ಮೇಷ್ಟ್ರ ಕಷ್ಟ ಮುಗಿಯಲಿಲ್ಲ. ಅಭಿಪ್ರಾಯ ಅಳಿಸಿದರೂ ಅದರ ಫೋಟೋ ಎಲ್ಲ ಮಕ್ಕಳ ಫೋನಿನಲ್ಲೂ ಇತ್ತು. ಅಳಿಸಿದ್ದೇ ಮುಚ್ಚಿಹಾಕುವುದಕ್ಕೆ ಎಂದು ಸುದ್ದಿಯಾಯಿತು. ಕೊನೆಗೆ ಅವರು ರೋಸಿಹೋಗಿ, ತಮ್ಮ ತಲೆಯಲ್ಲಿ ಬೆಳೆದದ್ದು ತಮ್ಮದೇ ಎಂದು ಸಾಬೀತು ಮಾಡಲು ಕ್ಷೌರದಂಗಡಿಗೆ ಹೋಗಿ ತಲೆ ಬೋಳಿಸಿಕೊಂಡರು. ಸಾಕ್ಷಿಗಿರಲಿ ಎಂದು ಕೂದಲನ್ನೆಲ್ಲ ಒಂದು ಚೀಲದಲ್ಲಿ ತುಂಬಿಸಿಕೊಂಡು ಶಾಲೆಗೆ ಹೋದರು.

ಇಷ್ಟು ವರ್ಷ ಮಕ್ಕಳಿಗೆ ಪಾಠ ಮಾಡಿದವರಿಗೆ ಮಕ್ಕಳ ಬುದ್ಧಿ ಹೇಗೆ ಓಡುತ್ತದೆ ಎಂದು ಗೊತ್ತಿರಬೇಕಿತ್ತು. ಬೋಳುತಲೆ ಕಣ್ಣೆದುರಿಗಿದೆ. ಕೂದಲು ಚೀಲದಲ್ಲಿದೆ. ಇನ್ನೇನು ಬೇಕು? ಮೇಷ್ಟ್ರು ಕೊನೆಗೂ ವಿಗ್ ತೆಗೆದರು ಎಂದು ಇಡೀ ಶಾಲೆ ಚಪ್ಪಾಳೆ ತಟ್ಟಿತು. ಮುಖ್ಯೋಪಾಧ್ಯಾಯಿನಿ ಎಲ್ಲರೆದುರು ಅವರ ಧೈರ್ಯವನ್ನು ಹೊಗಳಿ, ದೇಹದ ಕೊರತೆಗಳನ್ನು ಒಪ್ಪಿಕೊಳ್ಳುವುದರ ಬಗ್ಗೆ ಭಾಷಣ ಮಾಡಿದರು. ಹೆಂಡತಿ ಬಾಗಿಲು ತೆಗೆದಳು, ಕ್ಷಮಿಸಿದ್ದೇನೆ ಅಂದಳು. ಕ್ಷಮಿಸಿದ್ದೇ ಮೇಷ್ಟ್ರಿಗೆ ಹೆಚ್ಚು ನೋವಾಯಿತು.

ಚೀಲವನ್ನು ನಮ್ಮ ಮೇಜಿನ ಮೇಲೆ ಸುರಿದು, “ಅತ್ತೆ, ಇದನ್ನ ವಾಪಸ್ ಕೂರಿಸಿಕೊಡಿ,” ಎಂದರು. ದನಿ ತೀರಾ ಸಣ್ಣದಾಗಿತ್ತು.

ಅಮ್ಮ ಅಳತೆ ತೆಗೆದಳು. ಆ ಕೂದಲನ್ನು ತೊಳೆದು, ಬುಡ ತುದಿ ಬೇರೆ ಮಾಡಿ, ನಾನು ಗಂಟು ಹಾಕಲು ಕೂತೆ. ಬೇರೆ ಕೆಲಸವೂ ಇರಲಿಲ್ಲ. ಬೆರಳು ನೋಯುವಾಗ ಎದ್ದು, ವೆಬ್‌ಸೈಟಿನ ಖಾಲಿ ಪುಟದ ಮೇಲೆ ಬರೆಯುತ್ತಿದ್ದೆ. ಇಷ್ಟು ವರ್ಷ ಕುರ್ಚಿಯ ಮೇಲೆ ಕೂತವರು ಅಮ್ಮನ ಕಿವಿಯಲ್ಲಿ ಕೇಳಿದ್ದನ್ನೆಲ್ಲ, ಯಾರು ಕೇಳಿದ್ದೆಂದು ಹೇಳದೆ ಬರೆದೆ. ಉತ್ತರ ಅಮ್ಮ ಹೇಳುತ್ತಿದ್ದಳು.

ವಿಗ್ ಹಾಕಿಕೊಂಡು ಮಲಗಬಹುದೇ? ಬೇಡ, ಬೆಳಿಗ್ಗೆ ಅದು ಹಕ್ಕಿಗೂಡಾಗಿರುತ್ತದೆ. ಮುತ್ತು ಕೊಡಬಹುದೇ? ಧಾರಾಳವಾಗಿ, ಕೊಡುವವರ ಕೈ ಎಲ್ಲಿದೆ ಎಂದು ಗಮನವಿರಲಿ. ಮಕ್ಕಳಿಗೆ ಹೇಳಬೇಕೇ? ಹೇಳಿ, ಹೇಗಿದ್ದರೂ ಅವರೇ ಮೊದಲು ಕಂಡುಹಿಡಿಯುತ್ತಾರೆ. ನಮಗೆ ಒಂದೂ ಅಭಿಪ್ರಾಯ ಇಲ್ಲದ ಕಾರಣವನ್ನೂ ಬರೆದೆ: ನಮ್ಮಲ್ಲಿಗೆ ಬಂದವರು ನಮ್ಮ ಬಗ್ಗೆ ಎಲ್ಲೂ ಬರೆಯುವುದಿಲ್ಲ. ನೀವೂ ಬರೆಯಬೇಡಿ.

ಭಾವ ಓದಿ ಹಣೆ ಚಚ್ಚಿಕೊಂಡರು. “ಬರೆಯಬೇಡಿ ಅಂತ ಬರೆದಿದ್ದೀಯಲ್ಲೇ! ಇದನ್ನ ನೋಡಿದ್ರೆ ನಮ್ಮ ಕಸುಬಿನೋರು ನನ್ನ ಜೊತೆ ಟೀ ಕೂಡ ಕುಡಿಯಲ್ಲ.”

ಬೇಸಿಗೆ ಮುಗಿಯುತ್ತ ಬಂತು. ಆಗೊಂದು ಈಗೊಂದು ಫೋನು ಬರುತ್ತಿತ್ತು, ಬಂದವರು ಪುಟವನ್ನು ಪೂರ್ತಿ ಓದಿಕೊಂಡೇ ಬಂದಿರುತ್ತಿದ್ದರು. ಆದರೂ ಅಂಗಡಿ ನಡೆಸುವಷ್ಟಿರಲಿಲ್ಲ. ಮಾಲಿನ ಮ್ಯಾನೇಜರ್‌ಗೆ ಉತ್ತರ ಹೇಳಬೇಕಾದ ದಿನವೇ ಮೇಷ್ಟ್ರ ವಿಗ್ಗು ಮುಗಿಯಿತು. ಅವರನ್ನು ಕೂರಿಸಿ, ತಲೆಗೆ ಇಳಿಸಿ, ಅಮ್ಮ ಬಾಚಿದಳು. ಕನ್ನಡಿಯಲ್ಲಿ ಸಿಂಹ ಎದ್ದು ಕೂತಿತು. ಮೇಷ್ಟ್ರ ಕಣ್ಣು ತುಂಬಿ ಬಂತು.

ಭಾವ ಫೋನು ಹಿಡಿದುಕೊಂಡು ಹತ್ತಿರ ಬಂದರು. “ನೋಡೋ, ಈಗ ಎಲ್ಲಾ ನಿಜ ತಾನೆ? ಒಂದೇ ಒಂದು ಸಾಲು ಬರಿ. ಧರ್ಮವಾಗಿ ಕೇಳ್ತಿದ್ದೀನಿ.”

“ಸತ್ತರೂ ಬರೆಯಲ್ಲ,” ಎಂದರು ಮೇಷ್ಟ್ರು. “ನಾನು ಇಲ್ಲಿಗೆ ಬಂದಿದ್ದೂ ಯಾರಿಗೂ ಹೇಳಬೇಡ.”

ಅಮ್ಮ ಬಹಳ ದಿನಗಳ ಮೇಲೆ ಜೋರಾಗಿ ನಕ್ಕಳು. “ಈಗ ನಮ್ಮ ಗಿರಾಕಿ ಆದ ನೋಡಿ.”

ಓಣಿಯ ಬಾಗಿಲು ತಟ್ಟಿದ ಸದ್ದಾಯಿತು. ಮೇಷ್ಟ್ರು ಚಂಗನೆ ಎದ್ದು ಪರದೆಯ ಹಿಂದೆ ಅಡಗಿದರು. ಒಳಗೆ ಬಂದವರು ಕೋರ್ಟಿನ ಟೈಪಿಸ್ಟ್. ಅದೇ ಸ್ಕಾರ್ಫ್, ಅದೇ ನೆಟ್ಟಗಿನ ಬೆನ್ನು. ಕೂರಲಿಲ್ಲ.

“ಮಾಲಿಗೆ ಹೋಗಿದ್ದೆ. ಅಲ್ಲಿ ಎಲ್ಲದಕ್ಕೂ ಹೌದು ಅಂತಾರೆ. ನಿಮ್ಮ ಪುಟ ಹುಡುಕಿ ಹುಡುಕಿ ಸಾಕಾಯ್ತು, ಎಲ್ಲೋ ಪಾತಾಳದಲ್ಲಿದೆ. ಅದನ್ನ ಬರೆದೋರು ಯಾರು?”

“ನಾನು,” ಅಂದೆ.

“ಚೆನ್ನಾಗಿದೆ. ಒಂದು ಉತ್ತರ ಬಿಟ್ಟು. ಸೀನಿದರೆ ಜಾರುತ್ತದೆಯೇ? ಇಲ್ಲ. ಬರೀ ‘ಇಲ್ಲ’. ಉಳಿದ ಎಲ್ಲದಕ್ಕೂ ಏನಾದರೂ ಒಂದು ಬಾಲ ಇದೆ, ಇದಕ್ಕಿಲ್ಲ. ಬಾಲ ಇಲ್ಲದ ಉತ್ತರ ಕೇಳಿದ್ರೆ ನಮ್ಮ ಕೋರ್ಟಲ್ಲಿ ವಕೀಲರು ಎದ್ದು ನಿಲ್ತಾರೆ. ಪರೀಕ್ಷೆ ಮಾಡಿದ್ದೀರಾ?”

ಮಾಡಿರಲಿಲ್ಲ. ಅದೊಂದು ಅಮ್ಮ ಹೇಳಿದ್ದಲ್ಲ, ಯಾರಾದರೂ ಜಾರುತ್ತದೆ ಅಂತ ಬರೆಯುತ್ತಾರೆಯೇ ಎಂದು ನಾನೇ ಹಾಕಿದ್ದೆ. ನಾನು ತಡವರಿಸುವಷ್ಟರಲ್ಲಿ ಅಮ್ಮ ಪರದೆ ಸರಿಸಿದಳು.

“ಬಾರಪ್ಪಾ, ಸ್ವಲ್ಪ ಸೀನು.”

“ಅತ್ತೆ! ನನ್ನ ಮಾನ...”

“ಇವರು ಆಗಲೇ ನಿನ್ನ ಜುಟ್ಟು ಹಿಡಿದವರು. ಇನ್ನೇನು ಮಾನ? ಬಾ.”

ಮೇಷ್ಟ್ರು ಕುರ್ಚಿಯ ಮೇಲೆ ಕೂತರು. ನಾನು ಮೇಜಿನ ಮೇಲೆ ಉಳಿದಿದ್ದ ಅವರದೇ ಕೂದಲನ್ನು ಹೊಸೆದು ಮೂಗಿಗೆ ಹಿಡಿದೆ. ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಮಾಲಿನ ಮ್ಯಾನೇಜರ್. ಅಮ್ಮ ಎತ್ತಿಕೊಂಡು, ಮೇಷ್ಟ್ರ ನೆತ್ತಿಯಿಂದ ಕಣ್ಣು ಕೀಳದೆ, “ಈಗ ಆಗಲ್ಲ, ಸೀನು ಬರ್ತಾ ಇದೆ,” ಎಂದು ಇಟ್ಟುಬಿಟ್ಟಳು.

ಸೀನು ಬಂತು. ಮರದ ತಲೆಗಳು ಅಲುಗಾಡುವಂಥ ಸೀನು. ನಾವೆಲ್ಲರೂ ಬಗ್ಗಿ ನೋಡಿದೆವು. ಸಿಂಹದ ಹಣೆ ಒಂದಿಷ್ಟು ಚಿಕ್ಕದಾಗಿತ್ತು.

“ಜಾರಿತು,” ಅಂದರು ಟೈಪಿಸ್ಟ್.

“ಬರೆಯಬೇಡ ಪುಟ್ಟಿ,” ಅಂದರು ಭಾವ. “ನಾಲ್ಕರಿಂದ ಹತ್ತನೇ ಪುಟಕ್ಕೆ ಹೋಗ್ತೀವಿ.”

ಅಮ್ಮ ನನ್ನ ಕಡೆ ನೋಡಿದಳು. ನಾನು ಕಂಪ್ಯೂಟರಿನ ಮುಂದೆ ಕೂತು ಆ ‘ಇಲ್ಲ’ವನ್ನು ಅಳಿಸಿದೆ. ಜೋರಾಗಿ ಸೀನಿದರೆ ಸ್ವಲ್ಪ ಜಾರುತ್ತದೆ ಎಂದು ಟೈಪ್ ಮಾಡಿದೆ. ಟೈಪಿಸ್ಟ್ ನನ್ನ ಹಿಂದೆ ಬಂದು ನಿಂತಿದ್ದರು.

“ಸ್ವಲ್ಪ ಅಂದ್ರೆ ಎಷ್ಟು? ಒಂದು ಬೆರಳು ಅಂತ ಹಾಕಿ.”

ಹಾಕಿದೆ.

“ಯಾವ ಕಡೆಗೆ?”

“ಮುಂದಕ್ಕೆ.”

“ಅದನ್ನೂ ಹಾಕಿ.”

ಹಾಕಿದೆ. ಅವರು ಕಂಪ್ಯೂಟರಿನಲ್ಲಿದ್ದ ಸಾಲನ್ನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಮೇಷ್ಟ್ರನ್ನು ಕುರ್ಚಿಯಿಂದ ಎಬ್ಬಿಸಿ, ತಾವು ಕೂತು, ಸ್ಕಾರ್ಫಿನ ಗಂಟು ಬಿಚ್ಚಿದರು.